ಕೀಲಿ ಹಾಕಿದ ಅಮಾವಾಸ್ಯೆ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಇವತ್ತು ಭಾಲ್ಕಿ, ನಾಳೆ ಔರಾದ, ನಡುವೆ ಬೀದರಿನಲ್ಲಿ ಮನೆ ಎಂದು ಹೇಳಿಕೊಳ್ಳಲು ಎರಡು ಕೋಣೆ. ಹೆಗಲಿಗೆ ಒಂದು ಚೀಲ. ಅದರ ತುಂಬ ಮಕ್ಕಳ ಪುಸ್ತಕಗಳು ಮತ್ತು ಸಣ್ಣ ಸಣ್ಣ ಡಬ್ಬಿಗಳಲ್ಲಿ ತೊಗರಿ, ಸಜ್ಜೆ, ಅಗಸೆ, ಕುಸುಬೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಡಬ್ಬಿಗಳು ಗಲಗಲ ಎನ್ನುತ್ತವೆ, ಪಕ್ಕದ ಸೀಟಿನವರು ತಿರುಗಿ ನೋಡುತ್ತಾರೆ. "ಏನ್ ಮಾರ್ತೀರಿ ಮೇಡಂ?" ಎಂದು ಕೇಳಿದವರೂ ಇದ್ದಾರೆ. ಮಾರುವುದಿಲ್ಲ, ಮಕ್ಕಳಿಗೆ ಊಟದ ಬಗ್ಗೆ ಪುಸ್ತಕ ಬರೆಯುತ್ತೇನೆ, ಊರೂರಿಗೆ ಹೋಗಿ ಓದಿಸುತ್ತೇನೆ ಎಂದರೆ ನಗುತ್ತಾರೆ. "ಉಣ್ಣೂದು ಯಾರಿಗಿ ಬರಲ್ರಿ? ಅದಕ್ಕೂ ಪುಸ್ತಕ ಬೇಕೇನ್ರಿ?"

ಬೇಕು ಮಾರಾಯರೇ, ಬೇಕು ಎಂದು ನಾನು ಜಗಳಕ್ಕೇ ನಿಲ್ಲುತ್ತೇನೆ. ಬಸ್ಸಿನಲ್ಲಿ ಜಗಳ ಆಡಿ ಇಳಿಯುವ ಸ್ಟಾಪು ದಾಟಿ ಹೋದದ್ದೂ ಉಂಟು. ಮನೆಗೆ ಬಂದು ಹೇಳಿದರೆ ಅವ್ವ ಅಡುಗೆಮನೆಯಿಂದಲೇ ಅನ್ನುತ್ತಾಳೆ, "ನಿನ್ನ ಕಾಲಿಗಿ ಗಾಲಿ ಹಚ್ಚ್ಯಾರ, ಬಾಯಿಗಿ ಬ್ರೇಕ್ ಹಚ್ಚೂದು ಮರ್ತಾರ."

ಅವ್ವ ನನ್ನ ಜೊತೆಗೇ ಇದ್ದಾಳೆ. ಅಪ್ಪ ಹೋದ ಮೇಲೆ ಭಾಲ್ಕಿಯ ಬಾಡಿಗೆ ಮನೆ ಬಿಟ್ಟು ಬಂದವಳು. ಅವಳಂಥ ಅಡುಗೆಯವಳನ್ನು ನಾನು ಕಂಡಿಲ್ಲ, ಅವಳಂಥ ಹಟಮಾರಿಯನ್ನೂ ಕಂಡಿಲ್ಲ. ಬೀದರಿಗೆ ಬಂದು ಇಷ್ಟು ವರ್ಷವಾದರೂ ಎಳ್ಳಮಾವಾಸ್ಯೆಯ ದಿನ ಅಡುಗೆಮನೆಯ ಕಿಟಕಿ ಮುಚ್ಚಿಯೇ ಭಜ್ಜಿ ಮಾಡುತ್ತಾಳೆ. ಹೊಗೆ ತುಂಬಿ ಇಬ್ಬರ ಕಣ್ಣಲ್ಲೂ ನೀರು. ತೆಗಿಯವ್ವಾ ಎಂದರೆ ಕೇಳಿಸದವಳ ಹಾಗೆ ಸೌಟು ತಿರುವುತ್ತಾಳೆ. ಯಾಕೆ ಎಂದು ನನಗೆ ಗೊತ್ತು. ನಾವಿಬ್ಬರೂ ಅದರ ಮಾತು ಆಡುತ್ತಿರಲಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಗಾಲದ ಈ ಅಮಾವಾಸ್ಯೆಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಹೊಲದಲ್ಲಿ ಪೂಜೆ ಮಾಡಿ, ಬೆಳೆಯ ಸುತ್ತ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಸಾಲಾಗಿ ಕೂತು ಊಟ. ಸಜ್ಜೆ ರೊಟ್ಟಿ, ಮಡಕೆಯಲ್ಲಿ ತಣ್ಣಗಿನ ಅಂಬಲಿ, ಎಲ್ಲಕ್ಕಿಂತ ಮೇಲೆ ಭಜ್ಜಿ. ಇದು ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ. ಆ ಹೊತ್ತಿಗೆ ಹೊಲದಲ್ಲಿ ಹಸಿರಾಗಿ ಸಿಗುವ ಕಾಳು, ಸೊಪ್ಪು, ಕಾಯಿ ಎಲ್ಲವನ್ನೂ ಕಡಲೆಹಿಟ್ಟು, ಹುಣಸೆಹುಳಿ ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸಿದ ಗಟ್ಟಿ ಪಲ್ಯ. ದಾರಿಯಲ್ಲಿ ಹೋಗುವವರು ಯಾರೇ ಇರಲಿ ಕೂಗಿ ಕರೆದು ಉಣಿಸಬೇಕು, ಅದು ಪದ್ಧತಿ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೋಗಿಬಿಡುತ್ತದೆ. ಬೀದರಿನ ಪೇಟೆಯಲ್ಲಿ ಅಂದು ಒಂದು ಕಪ್ ಚಹಾ ಸಿಗಬೇಕೆಂದರೂ ಪರದಾಡಬೇಕು.

ಆ ವರ್ಷ ನಾನು ಬರೆದಿದ್ದ ಹೊಸ ಪುಸ್ತಕ ಈ ಭಜ್ಜಿಯದೇ. ಚಿತ್ರ ಬರೆಯುವ ಗೆಳತಿ ಒಂದೊಂದು ಕಾಳಿಗೂ ಒಂದೊಂದು ಪುಟ ಕೊಟ್ಟಿದ್ದಳು. ಕೊನೆಯ ಪುಟದಲ್ಲಿ ದೊಡ್ಡದೊಂದು ಖಾಲಿ ಪಾತ್ರೆ, ಅದರ ಕೆಳಗೆ ಒಂದು ಪ್ರಶ್ನೆ: "ನಿಮ್ಮ ಹೊಲದ ಭಜ್ಜಿಯಲ್ಲಿ ಏನೇನಿದೆ?" ಅಮಾವಾಸ್ಯೆ ಮುಗಿದ ಕೂಡಲೇ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೆ ಮುಂಚೆ ಮಕ್ಕಳ ಮುಂದೆ ಓದಿ ನೋಡೋಣ ಎಂದು ನಮೂನೆ ಪ್ರತಿ ಹಿಡಿದುಕೊಂಡು ಔರಾದಕ್ಕೆ ಹೋದೆ.

ಔರಾದದಲ್ಲಿ ನಾನು ಆಗಾಗ ಓದಿಸಲು ಹೋಗುವ ಲೈಬ್ರರಿ ಕೋಣೆ ಎಂದರೆ ನನಗೆ ಜೀವ. ಮಕ್ಕಳು ಅಲ್ಲಿ ಒಂದು ಆಟ ಕಲಿತಿದ್ದರು. ಮನೆಯಿಂದ ಖಾಲಿ ತಿಂಡಿ ಪೊಟ್ಟಣ ತರಬೇಕು, ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಅಡುಗೆಮನೆಯಲ್ಲಿ ಕಂಡ ಹೆಸರು ಬಂದರೆ ಚಪ್ಪಾಳೆ. ಕಾಣದ ಹೆಸರು ಬಂದರೆ ಎಲ್ಲರೂ ಒಟ್ಟಿಗೆ, "ಇದು ಯಾರ ಮನೀದು?" ಎಂದು ಚೀರಬೇಕು. ಸೂರು ಹಾರಿಹೋಗುವ ಹಾಗೆ ಚೀರುತ್ತಿದ್ದರು. ಈ ಆಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಐದನೇ ಇಯತ್ತೆಯ ಒಬ್ಬ ಹುಡುಗಿ. ಎರಡು ಜಡೆ, ಬಲಗಡೆಯದು ಯಾವಾಗಲೂ ಬಿಚ್ಚಿರುತ್ತಿತ್ತು. ಅವಳ ತಾಯಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ತಂದೆ ಹೈದರಾಬಾದಿನಲ್ಲಿದ್ದರು. ಗಡಿಯ ಕಡೆಯ ಯಾವುದೋ ಹಳ್ಳಿಯಿಂದ ಬಂದು ಔರಾದದಲ್ಲಿ ಬಾಡಿಗೆಗೆ ಇದ್ದರು. ಹುಡುಗಿ ಪೊಟ್ಟಣವನ್ನು ಕಣ್ಣಿಗೆ ಅಂಟಿಸಿಕೊಂಡು ಓದುತ್ತಿದ್ದಳು, ಒಂದಕ್ಷರ ತಪ್ಪುತ್ತಿರಲಿಲ್ಲ. "ಇನ್ನೊಂದ್ ಕೊಡ್ರಿ ಮೇಡಂ, ಇನ್ನೊಂದ್" ಎಂದು ನನ್ನ ಬೆನ್ನು ಬಿಡುತ್ತಿರಲಿಲ್ಲ.

ಅಂದು ಭಜ್ಜಿ ಪುಸ್ತಕ ಓದಿ ಮುಗಿಸಿ, ಕೊನೆಯ ಪುಟ ತೋರಿಸಿ, ಆ ಪ್ರಶ್ನೆ ಕೇಳಿದೆ. ಕೋಣೆಯಲ್ಲಿ ಸಂತೆ ಎದ್ದಿತು. ಹಸಿ ತೊಗರಿ! ಹಸಿ ಕಡ್ಲಿ! ನಮ್ಮ ಆಯಿ ಬಾರಿಕಾಯಿ ಹಾಕ್ತಾಳ! ನಮ್ಮಲ್ಲಿ ಗಜ್ಜರಿ ಇರ್ತದರಿ! ಈ ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ನನಗೋ ಅವಳ ಬಾಯಿಂದ ಕೇಳುವ ಆಸೆ. "ಯಾಕ ಸುಮ್ಮ ಕುಂತಿ? ನಿಮ್ಮ ಹೊಲದಾಗ ಏನೇನ್ ಹಾಕ್ತೀರಿ ಹೇಳು" ಎಂದೆ.

ಅವಳು ಎದ್ದು ನಿಂತಳು. ಪೊಟ್ಟಣ ಓದುವ ಹಾಗೆಯೇ ಗಟ್ಟಿಯಾಗಿ ಶುರು ಮಾಡಿದಳು. "ನಮ್ಮ ಹೊಲದ ಭಜ್ಜಿದಾಗ ತೊಗರಿ ಇರ್ತದರಿ, ಮೆಂತೆ ಇರ್ತದರಿ, ಬಟಾಣಿ ಇರ್ತದರಿ, ಮತ್ತ ಮಾವಿನಕಾಯಿ ಇರ್ತದರಿ."

ಆ ಚಳಿಯಲ್ಲಿ ಮಾವಿನ ಮರಗಳು ಇನ್ನೂ ಹೂವನ್ನೇ ಬಿಟ್ಟಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಸುಳ್ಳ ಹೇಳ್ತಾಳ್ರಿ ಮೇಡಂ! ಇವ್ರದು ಹೊಲಾನೇ ಇಲ್ರಿ! ನಮ್ಮ ಓಣ್ಯಾಗೇ ಅದಾರ, ನನಗ ಗೊತ್ತದ!"

"ನಮ್ಮ ಮಾಮಾಂದು ಅದ" ಎಂದಳು ಹುಡುಗಿ. "ದೊಡ್ಡದದ. ಬಾವಿ ಅದ." ಉಳಿದವರೂ ನಗತೊಡಗಿದರು. ಯಾರೋ ಒಬ್ಬಳು, "ಮಾವಿನಕಾಯಿ ಭಜ್ಜಿ! ಇದು ಯಾರ ಮನೀದು?" ಎಂದು ಕೂಗಿದಳು. ನಾನೇ ಕಲಿಸಿದ ಕೂಗು. ನಾನು ಗದರಿಸಿ ಸುಮ್ಮನಿರಿಸುವಷ್ಟರಲ್ಲಿ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗಿಬಿಟ್ಟಿದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತೇ ಬಂದೆ. ಕಂಡಕ್ಟರ್ ಎರಡು ಸಲ ಕೂರಿ ಎಂದರು, ಆಮೇಲೆ ಬಿಟ್ಟರು. "ನಮ್ಮ ಮಾಮಾಂದು ಅದ, ದೊಡ್ಡದದ, ಬಾವಿ ಅದ." ಆ ಮಾತು ನನಗೆ ಹೊಸದಲ್ಲ. ಭಾಲ್ಕಿಯ ಶಾಲೆಯಲ್ಲಿ ಅದೇ ಹೊಲ, ಅದೇ ಬಾವಿ, ಅದೇ ಇಲ್ಲದ ಮಾಮನನ್ನು ನಾನೂ ಕಟ್ಟಿ ನಿಲ್ಲಿಸಿದ್ದೆ.

ಅಪ್ಪ ಭಾಲ್ಕಿಯ ಪೇಟೆಯಲ್ಲಿ ದರ್ಜಿ. ಅಪ್ಪನ ಕಡೆ ಹೊಲ ಇರಲಿಲ್ಲ, ಅವ್ವನ ತವರಿನ ಹೊಲ ಅವಳ ಮದುವೆಗೆ ಮುಂಚೆಯೇ ಕೈಬಿಟ್ಟಿತ್ತು. ಅಮಾವಾಸ್ಯೆ ಹತ್ತಿರ ಬಂದಂತೆ ಅವ್ವ ಬಾಗಿಲ ಕಡೆ ಕಿವಿ ಇಟ್ಟಿರುತ್ತಿದ್ದಳು. ಯಾರಾದರೂ ಬಂದು ಕರೆಯಬೇಕಲ್ಲ? ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತಾರೆ ನಿಜ. ಆದರೆ ಕರೆಯಲಿ ಎಂದು ದಾರಿಯಲ್ಲಿ ಹೋಗಿ ನಿಲ್ಲುವ ಜಾತಿಯಲ್ಲ ನಮ್ಮವ್ವ. ಒಂದು ವರ್ಷ ಎದುರು ಮನೆಯವರು ನೀರು ತುಂಬುವಾಗ, "ಈ ಸಲ ನಮ್ಮ ಜೋಡಿ ಬರ್ರಿ, ಟೆಂಪೋದಾಗ ಹೋಗಾಮು" ಎಂದರು. ಅವ್ವ ಅಂದಿನಿಂದ ನೆಲದ ಮೇಲೆ ನಿಲ್ಲಲಿಲ್ಲ. ನನಗೆ ಹೊಸ ಲಂಗ ಹೊಲಿಸಿದಳು. ಬೆಳಿಗ್ಗೆಯೇ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿ, ಮೂವರೂ ತಯಾರಾಗಿ ಬಾಗಿಲಲ್ಲಿ ನಿಂತೆವು. ಟೆಂಪೋ ಬಂತು. ಅವರ ಬೀಗರು, ಬೀಗರ ಮಕ್ಕಳು, ಪಾತ್ರೆ, ಮಡಕೆ ಎಲ್ಲ ಹತ್ತಿದವು. ಜಾಗ ತುಂಬಿತು. ಎದುರು ಮನೆಯಾಕೆ ನಮ್ಮ ಕಡೆ ನೋಡಿ, "ಅಯ್ಯ, ನೀವೂ ಎಲ್ಲೋ ಹೊಂಟೀರಲ್ಲ, ಛಲೋ ಆತು!" ಎಂದು ಕೈ ಬೀಸಿದರು. ಕರೆದದ್ದು ಅವರಿಗೆ ನೆನಪೇ ಇರಲಿಲ್ಲ. ಟೆಂಪೋ ಹೋಯಿತು. ಅವ್ವನೂ ಕೈ ಬೀಸಿದಳು, ನಗುತ್ತಲೇ. ನನಗೆ ಇವತ್ತಿಗೂ ಆ ನಗು ನೆನೆದರೆ ಮೈ ಉರಿಯುತ್ತದೆ.

ಮರುವರ್ಷದಿಂದ ಕೀಲಿ ಶುರುವಾಯಿತು. ಬೆಳಿಗ್ಗೆ ಅಪ್ಪ ಮುಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ಓಣಿ ಸುತ್ತಿ, ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದ. ಸಂಜೆಯವರೆಗೆ ನಾವು ಮೂವರೂ ಒಳಕೋಣೆಯಲ್ಲಿ. ಓಣಿಯವರು ತಿಳಿಯಬೇಕಾದದ್ದು ಇಷ್ಟೇ, ನಾವೂ ಯಾರದೋ ಹೊಲಕ್ಕೆ ಹೋಗಿದ್ದೇವೆ. ಮಾತು ಪಿಸುಗುಟ್ಟಬೇಕು. ಒಲೆ ಹಚ್ಚುವಂತಿಲ್ಲ, ವಾಸನೆ ಹೋಗುತ್ತದೆ. ಬಚ್ಚಲಕ್ಕೆ ನೀರು ಹಾಕುವಂತಿಲ್ಲ, ನಮ್ಮ ಬಚ್ಚಲದ ನೀರು ಓಣಿಯ ಗಟಾರಕ್ಕೆ ಹರಿಯುತ್ತಿತ್ತು. ಒಂದು ಸಲ ಮರೆತು ಕೈ ತೊಳೆಯಲು ಹೋಗಿ ಬೆನ್ನ ಮೇಲೆ ಗುದ್ದು ತಿಂದಿದ್ದೆ. ಊಟಕ್ಕೆ ಚುರುಮುರಿ, ಬೆಲ್ಲ. ಅವ್ವ ಆ ದಿನ ನನಗೆ ಪಾಠ ಹೇಳಿಕೊಡುತ್ತಿದ್ದಳು. ನಾಳೆ ಶಾಲೆಯಲ್ಲಿ ಕೇಳುತ್ತಾರಲ್ಲ! "ಏನೇನ್ ಹಾಕಿದ್ರು ಅಂತ ಕೇಳಿದ್ರ ಏನಂತಿ? ಹೇಳು. ಹಸಿ ತೊಗರಿ. ಹಸಿ ಕಡ್ಲಿ. ಅವರಿ. ಆಮ್ಯಾಲ?" ನಾನು ಪಿಸುಮಾತಿನಲ್ಲಿ ಒಪ್ಪಿಸುತ್ತಿದ್ದೆ. ಮೆಂತೆ, ಪಾಲಕ, ಉಳ್ಳಾಗಡ್ಡಿ ತಪ್ಪಲ, ಬದನಿಕಾಯಿ, ಬಾರಿಕಾಯಿ. "ಕಡ್ಲಿಹಿಟ್ಟು ಯಾವಾಗ?" ಕಾಳು ಬೆಂದ ಮ್ಯಾಲ. "ಹುಣಸಿ?" ಕಡೀಗಿ.

ಜಿಲ್ಲೆಯ ಮಕ್ಕಳಿಗೆ ಭಜ್ಜಿಯ ಪುಸ್ತಕ ಬರೆದವಳು ಭಜ್ಜಿ ಕಲಿತದ್ದು ಹೀಗೆ. ಒಮ್ಮೆಯೂ ತಿನ್ನದೆ, ಕತ್ತಲೆ ಕೋಣೆಯಲ್ಲಿ, ಸುಳ್ಳು ಹೇಳುವುದಕ್ಕಾಗಿ ಬಾಯಿಪಾಠ ಮಾಡಿ. ಅವ್ವ ಗಟ್ಟಿಯಾಗಿ ಕಲಿಸಿದ್ದರಿಂದ ನಾನು ಎಂದೂ ಸಿಕ್ಕಿಬೀಳಲಿಲ್ಲ. ಔರಾದದ ಹುಡುಗಿಗೆ ಕಲಿಸುವವರು ಇರಲಿಲ್ಲ, ಮಾವಿನಕಾಯಿ ಹಾಕಿ ಸಿಕ್ಕಿಬಿದ್ದಳು.

ಮನೆಗೆ ಬಂದು ಚೀಲ ಇಳಿಸುವ ಮೊದಲೇ ಎಲ್ಲ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಲಿಲ್ಲ. "ಪುಸ್ತಕ ಹಿಂಗೇ ಅಚ್ಚಿಗಿ ಹೋಗಬಾರ್ದು ಅವ್ವಾ. ಹೊಲ ಇಲ್ದವ್ರ ಮನಿಯೊಂದು ಅದ್ರಾಗ ತರ್ತೇನಿ. ಕೀಲಿ ಹಾಕಿದ ಬಾಗಲಾ, ಒಳಗ ಪಿಸುಗುಟ್ಟೋ ತಾಯಿ, ಮಗಳು" ಎಂದೆ.

ಮೊರ ನೆಲಕ್ಕೆ ಬಿತ್ತು. "ನನ್ನ ಕೀಲಿ ಪುಸ್ತಕದಾಗ ಹಾಕ್ತಿ?"

"ನಿನ್ನ ಹೆಸರು ಎಲ್ಲಿ ಹಾಕ್ತೇನಿ ಅವ್ವಾ? ಯಾರಿಗಿ ಗೊತ್ತಾಗ್ತದ?"

"ನನಗ ಗೊತ್ತಾಗ್ತದ! ಭಾಲ್ಕಿದಾಗ ಓದಲ್ಲೇನು ನಿನ್ನ ಪುಸ್ತಕ? ಆ ಓಣ್ಯಾಗ ಓದಲ್ಲೇನು? ಅಷ್ಟ್ ವರ್ಷ ಮುಚ್ಚಿಕೊಂಡು ಬಂದ ಮರ್ಯಾದಿ, ಬಣ್ಣ ಹಚ್ಚಿ ಊರಿಗೆಲ್ಲಾ ಹಂಚ್ತೀಯೇನ? ನಿನ್ನ ಕಾಲ ಹಿಡಿತೇನಿ, ಅದೊಂದ್ ಮಾಡಬ್ಯಾಡ."

"ಆ ಹುಡುಗಿ?"

"ಆ ಹುಡುಗಿ ನಾಕ್ ದಿನಕ್ಕ ಮರೀತಾಳ."

"ನಾನು ಮರ್ತೀನೇನು? ನೀ ಮರ್ತೀಯೇನು? ಮರ್ತಿದ್ರ ಕಿಟಕಿ ಯಾಕ ಮುಚ್ತಿ?" ಎಂದುಬಿಟ್ಟೆ. ಅವ್ವ ಎದ್ದು ಒಳಗೆ ಹೋದಳು. ಚೆಲ್ಲಿದ ಅಕ್ಕಿಯನ್ನು ನಾನೇ ಬಳಿದೆ. ಆಮೇಲೆ ನಮ್ಮಿಬ್ಬರ ನಡುವೆ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ ಮಾತು. ಗೆಳತಿ ಫೋನು ಮಾಡಿ ಕೊನೆಯ ಪುಟ ಏನು ಮಾಡಲಿ ಎಂದು ಕೇಳುತ್ತಲೇ ಇದ್ದಳು. ತಡಿ, ತಡಿ ಎಂದು ನಾನು ಮುಂದೂಡುತ್ತಲೇ ಇದ್ದೆ.

ಮುಂದಿನ ಸಲ ಔರಾದಕ್ಕೆ ಹೋದಾಗ ಹುಡುಗಿ ಇರಲಿಲ್ಲ. ಪೊಟ್ಟಣದ ಆಟ ಸಪ್ಪಗಾಯಿತು. ಬಾಗಿಲ ಕಡೆ ನೋಡುತ್ತ ಓದಿ, ಒಂದೇ ಪುಟವನ್ನು ಎರಡು ಸಲ ಓದಿದೆ. ಮಕ್ಕಳೇ ಹೇಳಿದರು, "ಆಕಿ ಇನ್ನ ಲೈಬ್ರರಿಗಿ ಬರಲ್ಲಂತರಿ. ಪುಸ್ತಕ ಎಲ್ಲಾ ಸುಳ್ಳ ಇರ್ತವಂತರಿ." ಅಷ್ಟು ಚೆನ್ನಾಗಿ ಓದುವ ಹುಡುಗಿ ನನ್ನ ಒಂದು ಪ್ರಶ್ನೆಯಿಂದ ಓದು ಬಿಡುತ್ತಾಳೆಯೇ? ದಾರಿ ಕೇಳಿಕೊಂಡು ಅವಳ ಮನೆಗೆ ಹೋದೆ. ಓಣಿಯ ಕೊನೆಯಲ್ಲಿ ತಗಡಿನ ಮಾಡಿನ ಮನೆ. ತಾಯಿ ಆಗ ತಾನೆ ಕೆಲಸದಿಂದ ಬಂದಿದ್ದರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು. ಚಹಾ ಕುಡಿದೇ ಹೋಗಬೇಕೆಂದು ಒತ್ತಾಯ ಮಾಡಿದರು. ಲೈಬ್ರರಿಗೆ ಕಳಿಸಿ ಎಂದೆ.

"ಕಳಸ್ತೇನ್ರಿ. ಅಮಾಸಿ ಆಗ್ಲಿರಿ. ಈಗ ಥೋಡೆ ಗಡಿಬಿಡಿ ಅದರಿ."

"ಅಮಾಸಿಗಿ ಎಲ್ಲಿ ಹೋಗ್ತೀರಿ?" ಕೇಳಬಾರದಿತ್ತು, ಕೇಳಿಬಿಟ್ಟೆ.

"ನಮ್ಮಣ್ಣಂದು ಹೊಲ ಅದರಿ. ಹೋಗ್ತೇವ್ರಿ" ಎಂದರು. ನನ್ನ ಮುಖ ನೋಡದೆ ಹೇಳಿದರು. ಹುಡುಗಿ ಬಾಗಿಲ ಹಿಂದೆ ನಿಂತು ಬಿಚ್ಚಿದ ಜಡೆಯ ರಿಬ್ಬನ್ನು ಬೆರಳಿಗೆ ಸುತ್ತುತ್ತಿದ್ದಳು. ನನ್ನ ಜೊತೆ ಬನ್ನಿ ಎನ್ನೋಣವೆಂದರೆ ನನ್ನದೆಲ್ಲಿದೆ ಹೊಲ? ಆ ಊರಿನ ಶಾಲೆಯ ಟೀಚರೊಬ್ಬರು ತಮ್ಮ ಹೊಲಕ್ಕೆ ನನ್ನನ್ನೂ ಅವ್ವನನ್ನೂ ಕರೆದಿದ್ದರು, ಹೌದು. ಅವ್ವ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಇನ್ನೊಬ್ಬರ ಕರೆಯ ಮೇಲೆ ಮತ್ತೊಬ್ಬರನ್ನು ಕರೆದರೆ ಈ ತಾಯಿಗೆ ಹೇಗೆ ಅನಿಸುತ್ತದೆಂದೂ ಗೊತ್ತಿತ್ತು. ಅರ್ಧ ಚಹಾ ಬಿಟ್ಟು ಎದ್ದೆ.

ಮನೆಯಲ್ಲಿ ಅವ್ವನಿಗೆ ಇದನ್ನೂ ಹೇಳಿದೆ. ಜಗಳಕ್ಕಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿದೆ. "ಅಣ್ಣನ ಹೊಲ ಅಂತ" ಎಂದೆ. ಅವ್ವ, "ಹ್ಞೂಂ" ಎಂದಳು. ಆಮೇಲೆ, "ಮನಿಗಿ ಹಿತ್ತಲ ಅದೇನ?" ಎಂದು ಕೇಳಿದಳು. ಅದೇಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದು ಕೇಳಿ ಎದ್ದೆ. ಹೊಗೆ, ವಾಸನೆ, ಮುಚ್ಚಿದ ಕಿಟಕಿ, ಎಲ್ಲ ಪ್ರತಿವರ್ಷದಂತೆ. ಪಾತ್ರೆ ಮಾತ್ರ ಬೇರೆ. ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಡಬರಿ ಒಲೆಯ ಮೇಲಿತ್ತು.

"ಯಾರಿಗವ್ವಾ ಇಷ್ಟು?"

"ಜಲ್ದಿ ಜಳಕಾ ಮಾಡು. ಔರಾದಕ್ಕ ಹೋಗೂದದ."

ಟೀಚರ ಹೊಲಕ್ಕೆ ಬರಲು ಕೊನೆಗೂ ಮನಸ್ಸು ಮಾಡಿದಳು ಎಂದುಕೊಂಡೆ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ಕೇಳದೆ ಹೊರಟೆ. ಡಬರಿಯ ಬಾಯಿಗೆ ಬಟ್ಟೆ ಕಟ್ಟಿ, ರೊಟ್ಟಿಯ ಗಂಟು ನನ್ನ ಕೈಗೆ ಕೊಟ್ಟು, ಬಸ್ಸಿನಲ್ಲಿ ಅವ್ವ ಅದನ್ನು ಮೊಣಕಾಲ ನಡುವೆ ಹಿಡಿದು ಕೂತಳು. ಬಸ್ಸಿನಲ್ಲಿ ನಾವು, ಇನ್ನೊಬ್ಬ ಮುದುಕ, ಅಷ್ಟೇ. "ಎಲ್ಲಾರೂ ಹೊಲದಾಗ ಅದಾರ, ನೀವು ಭಜ್ಜಿ ತಗೊಂಡು ಬಸ್ಸಿನ್ಯಾಗ ಹೊಂಟೀರಲ್ಲವ್ವಾ" ಎಂದು ಕಂಡಕ್ಟರ್ ನಕ್ಕರು. ದಾರಿಯ ಎರಡೂ ಕಡೆ ಹೊಲಗಳಲ್ಲಿ ಜನವೋ ಜನ. ಜೋಳದ ನಡುವೆ ಬಣ್ಣದ ಸೀರೆಗಳು, ಮರಕ್ಕೆ ಕಟ್ಟಿದ ಜೋಕಾಲಿ. ಒಂದು ಕಡೆ ಯಾರೋ ಬಸ್ಸಿಗೇ ಕೈ ಮಾಡಿ ಉಣ್ಣಲು ಕರೆದರು. ಅವ್ವ ಅದನ್ನೆಲ್ಲ ನೋಡುತ್ತಿದ್ದಳು.

ಔರಾದದಲ್ಲಿ ಇಳಿದು ಟೀಚರ ಹೊಲದ ದಾರಿ ಹಿಡಿಯಲು ಹೋದೆ. ಅವ್ವ ನಿಂತಲ್ಲೇ ನಿಂತಳು. "ಮೊದಲ ಆ ಹುಡಗಿ ಮನಿ ತೋರ್ಸು."

ಓಣಿಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇಲ್ಲ. ಸಾಲಾಗಿ ಎಲ್ಲ ಬಾಗಿಲಿಗೂ ಕೀಲಿ. ಕೊನೆಯ ಮನೆಗೂ ಕೀಲಿ. ನನಗೆ ಜೀವ ಬಂದಂತಾಯಿತು. "ನೋಡವ್ವಾ, ಹೋಗ್ಯಾರ! ಖರೇನೇ ಅಣ್ಣನ ಹೊಲ ಇರಬೇಕು. ಸುಮ್ಮನ ನಾನು ತಲಿ ಕೆಡಿಸ್ಕೊಂಡೆ. ನಡಿ, ಟೀಚರ್ ಕಾಯ್ತಿರ್ತಾರ."

ಅವ್ವ ಬಾಗಿಲು ನೋಡುತ್ತಿರಲಿಲ್ಲ. ಗೋಡೆಯ ಬುಡ ನೋಡುತ್ತಿದ್ದಳು. ಬಚ್ಚಲದ ತೂತಿನಿಂದ ನೀರಿನ ಎಳೆಯೊಂದು ಹೊರಬಂದು, ಸೋಪಿನ ನೊರೆ ಹೊತ್ತು, ಗಟಾರದ ಕಡೆ ಹರಿಯುತ್ತಿತ್ತು.

"ಪಾಪ, ಆಕಿಗಿ ಇನ್ನಾ ಗೊತ್ತಿಲ್ಲ" ಎಂದಳು ಅವ್ವ, ಮೆಲ್ಲಗೆ.

ಹಿತ್ತಲಿಗೆ ಸುತ್ತಿ ಹೋದೆವು. ಬಾಗಿಲು ಮುಚ್ಚಿತ್ತು, ಒಳಗಿನಿಂದ ಅಗುಳಿ. ನಾನು ತಟ್ಟಲು ಕೈ ಎತ್ತಿದೆ, ಅವ್ವ ಹಿಡಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಡಬರಿ ಇಟ್ಟು, ಅದರ ಪಕ್ಕ ಕೂತು, ಬಾಗಿಲಿಗೆ ಹೇಳಿದಳು.

"ತಂಗೀ, ಹೆದರಬ್ಯಾಡ. ನಾನು ಪುಸ್ತಕದ ಮೇಡಂ ಅವ್ವ. ಭಾಲ್ಕಿದಾಗ ಇದ್ದಾಗ ನಾನೂ ಅಮಾಸಿಗಿ ಹಿಂಗೇ ಕೀಲಿ ಹಾಕ್ಸಿ ಒಳಗ ಕೂಡ್ತಿದ್ದೆ. ಯಾರಿಗೂ ಹೇಳಿಲ್ಲ, ನಿನಗ ಹೇಳ್ಲತೇನಿ. ಮಗಳ ಬಾಯಿ ಮುಚ್ಚಿ ಕೂಡಿಸ್ತಿದ್ದೆ. ಕೈ ತೊಳಿಲಾಕ ಹೋದ್ರ ಹೊಡಿತಿದ್ದೆ. ಎಷ್ಟೋ ವರ್ಷ ಹಂಗೇ ಕೂತೆ. ಕುಂತ್ರ ಏನೂ ಬರಲ್ಲ ತಂಗಿ. ಮನಸಿನ್ಯಾಗ ಸುಡೂದೊಂದೇ."

ಪುಸ್ತಕದಲ್ಲಿ ಬೇಡವೆಂದು ನನ್ನ ಕಾಲು ಹಿಡಿಯಲೂ ತಯಾರಿದ್ದವಳು ಕಂಡರಿಯದವರ ಮುಂದೆ, ಮುಚ್ಚಿದ ಬಾಗಿಲಿಗೆ ಎಲ್ಲವನ್ನೂ ಹೇಳುತ್ತಿದ್ದಳು.

"ಭಜ್ಜಿ ತಂದೀನಿ. ನಮಗೂ ಹೊಲ ಇಲ್ಲವ್ವಾ. ಹೊಲ ಇಲ್ದವ್ರು ಇಬ್ಬರು ಕೂಡಿ ಉಂಡ್ರ ತಪ್ಪೇನು? ಬಾಗಲಾ ತೆಗಿ."

ಅಗುಳಿ ಸರಿಯಿತು. ತೆಗೆದದ್ದು ಹುಡುಗಿ. ಹಿಂದೆ ತಾಯಿ ಗೋಡೆಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವ್ವ ಡಬರಿ ಎತ್ತಿಕೊಂಡು, ತನ್ನ ಮನೆಗೆ ಹೋಗುವವಳ ಹಾಗೆ ಒಳಗೆ ಹೋದಳು. "ಅಳೂದು ಆಮ್ಯಾಲ. ಬಸ್ಸಿನ್ಯಾಗ ಪೂರಾ ತಣ್ಣಗಾಗ್ಯದ, ಒಲಿ ಹಚ್ಚು."

"ವಾಸನಿ ಓಣಿಗಿ ಹೋಗ್ತದರಿ" ಎಂದರು ಆ ತಾಯಿ ಗಾಬರಿಯಿಂದ.

"ಹೋಗ್ಲಿ. ಕೀಲಿಕೈ ಎಲ್ಲದ?"

ಕೀಲಿಕೈ ಹುಡುಗಿಯ ಹತ್ತಿರವೇ ಇತ್ತು. ಬೆಳಿಗ್ಗೆ ಹೊರಗಿನಿಂದ ಕೀಲಿ ಹಾಕಿ ಸುತ್ತಿ ಬಂದವಳು ಅವಳೇ. ತಾಯಿಯ ಮುಖ ನೋಡಿದಳು. ತಾಯಿ ಹ್ಞೂಂ ಎಂದು ತಲೆಯಾಡಿಸಿದರು. ಹುಡುಗಿ ಹಿತ್ತಲಿನಿಂದ ಓಡಿದಳು. ಮುಂದಿನ ಬಾಗಿಲ ಕೀಲಿ ಕಿರುಗುಟ್ಟಿದ್ದು ನಮಗೆ ಒಳಗೆ ಕೇಳಿಸಿತು, ಬಾಗಿಲು ತೆರೆದು ಬಿಸಿಲು ಒಲೆಯವರೆಗೆ ಬಂತು.

ಹುಡುಗಿ ಎರಡು ಸಲ ಹಾಕಿಸಿಕೊಂಡು ಉಂಡಳು. ಒಂದೊಂದು ತುತ್ತನ್ನೂ ಬೆರಳಲ್ಲಿ ಬಿಡಿಸಿ ನೋಡಿ, ಪೊಟ್ಟಣ ಓದುವ ಧಾಟಿಯಲ್ಲೇ ಒಪ್ಪಿಸಿದಳು. "ತೊಗರಿ. ಅವರಿ. ಇದು ಬಾರಿಕಾಯಿ ಏನ್ರಿ ಅಜ್ಜಿ? ಇದೇನ್ರಿ ಹುಳಿ?" ಅವ್ವ ಪಿಸುಗುಟ್ಟದೆ, ಓಣಿಗೆಲ್ಲ ಕೇಳುವ ಹಾಗೆ ಉತ್ತರ ಹೇಳುತ್ತಿದ್ದಳು. ನಾನು ತಲೆ ತಗ್ಗಿಸಿ ಉಂಡೆ. ಟೀಚರ ಫೋನು ಬಂದಾಗ, ನಾವು ಇಲ್ಲೇ ಉಂಡೆವು ಮೇಡಂ, ಸಿಟ್ಟಾಗಬೇಡಿ ಎಂದೆ.

ಸಂಜೆ ಓಣಿಯವರು ಹೊಲದಿಂದ ತಿರುಗಿ ಬರತೊಡಗಿದರು. ಅವ್ವ ಉಳಿದ ಭಜ್ಜಿಯನ್ನು ಮತ್ತೊಮ್ಮೆ ಬಿಸಿಗೆ ಇಟ್ಟಿದ್ದಳು. ಆ ಹಿಂದಿನ ಸಾಲಿನ ಹುಡುಗ, ಹೊಟ್ಟೆ ಹಿಡಿದು ನಕ್ಕವನು, ತನ್ನ ತಾಯಿಯ ಜೊತೆ ಖಾಲಿ ಮಡಕೆ ಹೊತ್ತು ಬಂದ. ಅವನ ತಾಯಿ ಮೂಗೆತ್ತಿ ನಿಂತರು. "ಏನವ್ವಾ ಇದು, ಓಣಿ ತುಂಬ ವಾಸನಿ!"

ಹುಡುಗಿಯ ತಾಯಿ ಒಳಗೆ ಸರಿದರು. ಹುಡುಗಿ ಸರಿಯಲಿಲ್ಲ. ಹೊಸ್ತಿಲ ಮೇಲೆ ನಿಂತಿದ್ದಳು, ಬಲಗಡೆಯ ಜಡೆ ಎಂದಿನಂತೆ ಬಿಚ್ಚಿತ್ತು.

"ಬರ್ರಿ ಕಾಕೂ, ಉಣ್ಲಾಕ ಬರ್ರಿ" ಎಂದಳು.

ಅಂದು ಕರೆದರೆ ಬರಲ್ಲ ಎನ್ನುವಂತಿಲ್ಲ. ಅವರು ಮಡಕೆ ಇಳಿಸಿ ಒಳಗೆ ಬಂದು ಕೂತರು, ಹುಡುಗನೂ ಮುಖ ಕೆಳಗೆ ಹಾಕಿ ತಾಯಿಯ ಬೆನ್ನಿಗೆ ಕೂತ. ಒಂದು ತುತ್ತು ಬಾಯಿಗಿಟ್ಟು, "ಭಾಳ ಛಲೋ ಆಗ್ಯದಲ್ಲ! ಯಾರ ಹೊಲದ್ದವ್ವಾ?" ಎಂದರು.

ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಆ ಹುಡುಗನ ಕಡೆ.

"ನಮ್ದು ಹೊಲ ಇಲ್ರಿ" ಎಂದಳು, ಗಟ್ಟಿಯಾಗಿ. "ಇದು ನಮ್ಮ ಮನೀದು."

ಪುಸ್ತಕದ ಕೊನೆಯ ಪ್ರಶ್ನೆಯಲ್ಲಿ ಹೊಲ ಎಂದಿದ್ದ ಕಡೆ ಏನು ಬರಬೇಕೆಂದು ನನಗೆ ಆಗ ಗೊತ್ತಾಯಿತು. ಹುಡುಗನ ತಾಯಿ, "ಹೌದಾ?" ಎಂದು ಇನ್ನೊಂದು ತುಂಡು ರೊಟ್ಟಿ ಮುರಿದರು. ಅವ್ವ ಅವರು ಕೇಳುವ ಮೊದಲೇ ಇನ್ನೊಂದು ಸೌಟು ಹಾಕಿದಳು.